ತುಟಿ ಕಾಣದ ರೀಲು

ರಾಜಾಜಿನಗರ, ಆರನೇ ಬ್ಲಾಕು. ಟೈಲ್ಸ್ ಅಂಗಡಿಯ ಕೆಳಗೆ
ನೆಲಮಾಳಿಗೆ, ಗೋಡೆಗೆಲ್ಲ ಮೊಟ್ಟೆ ಟ್ರೇಯಂಥ ಸ್ಪಂಜು.
ಫ್ಯಾನು ಹಾಕುವಂತಿಲ್ಲ, ಮೈಕಿಗೆ ಕೇಳಿಸುತ್ತದೆ.
ಬಳೆ ಬಿಚ್ಚಿಟ್ಟಿದ್ದೇನೆ. ಸರಬರ ಎನ್ನದ ಹಳೇ ಕಾಟನ್ ಸೀರೆ.
ಹತ್ತೊಂಬತ್ತು ವರ್ಷದಿಂದ ಹೀಗೆ,
ಮೈಯ ಸದ್ದನ್ನೆಲ್ಲ ಹೊರಗೆ ಕಳಚಿಟ್ಟು ಒಳಗೆ ಹೋಗುವವಳು.

ಪರದೆಯ ಮೇಲೆ ಎಸಿಪಿ ವಜ್ರೇಶ್ವರಿ ಜೀಪಿನಿಂದ ಇಳಿಯುತ್ತಾಳೆ.
ಮೊದಲು ಬೂಟು. ಬೂಟಿನಿಂದ ಕ್ಯಾಮೆರಾ
ಮೊಣಕಾಲಿಗೆ ಬರುವಷ್ಟರಲ್ಲಿ ಎರಡು ಗುಟುಕು ಬಿಸಿನೀರು ಕುಡಿಯಬಹುದು.
ತೊಡೆಯ ಹತ್ತಿರ ಅದು
ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡ ಬಸ್ಸಿನ ಹಾಗೆ ನಿಂತುಬಿಡುತ್ತದೆ.
ಆಮೇಲೆ ಬೆಲ್ಟು. ಸೊಂಟದ ಮೇಲೆ ಬೆವರಿನ ಹನಿ,
ಆ ಹನಿಗೂ ಒಂದು ಕ್ಲೋಸಪ್ಪು.
ಅಷ್ಟರಲ್ಲಿ ಅವಳ ಡೈಲಾಗು ಮುಗಿದೇ ಹೋಗಿರುತ್ತದೆ:
"ಕಾನೂನು ಕುರುಡಿರಬಹುದು ಕಣೋ, ನಾನಲ್ಲ!"

"ಎಲ್ಲಿಂದ ಹಿಡೀಲಿ? ತುಟಿ ಕಾಣ್ತಾ ಇಲ್ಲವಲ್ಲ" ಎಂದೆ.
ಗಾಜಿನಾಚೆ ನಜೀರ್ ನಕ್ಕ: "ಲಿಪ್ಪೇ ಇಲ್ಲ ಮೇಡಂ, ಆರಾಮಾಗಿ ಹೇಳಿ."
ಹೊಕ್ಕುಳಿಗೆ ಮಾತು ಹೊಂದಿಸಿ ಹೇಳಿದೆ.
ಮೊದಲ ಟೇಕೇ ಓಕೆ.

ಆಮೇಲೆ ಫೈಟು. ಗೋಡೌನು, ಹನ್ನೊಂದು ರೌಡಿಗಳು.
ಮೇಲೆ ತಗಡಿನ ಸೂರಿದೆ, ಆದರೂ ಒಳಗೆ ಮಳೆ;
ಖಾಕಿ ಒದ್ದೆಯಾಗಲೇಬೇಕು.
ಒಂದೊಂದು ಒದೆಗೂ ಒಂದೊಂದು ಉಸಿರು ಕೊಡಬೇಕು ನಾನು.
ಕೊಟ್ಟೆ. ನಿರ್ದೇಶಕರು ಒಪ್ಪಲಿಲ್ಲ:
"ಒದೆಯೋದೇನೋ ಸರಿ ವನಮಾಲಾ, ಆದ್ರೆ
ಕೇಳೋಕೂ ಚೆನ್ನಾಗಿರ್ಬೇಕಲ್ವಾ? ಸ್ವಲ್ಪ... ಹೆಂಗೆ ಹೇಳ್ಲಿ..."
ಹೆಂಗೂ ಹೇಳಲಿಲ್ಲ. ಗಾಳಿಯಲ್ಲಿ ಕೈಯಿಂದ ಒಂದು ಅಲೆ ಬರೆದರು.
ಮೊನ್ನೆ ಬೆಡ್‌ರೂಮಿನ ರೀಲಿಗೂ
ಇದೇ ಅಲೆ ಬರೆದಿದ್ದರು.

ಅವಳನ್ನು ಒಮ್ಮೆ ನೋಡಿದ್ದೇನೆ. ರೂಪಿಂದರ್, ಲುಧಿಯಾನದವಳು.
ಕನ್ನಡದಲ್ಲಿ "ಊಟ ಆಯ್ತಾ" ಒಂದೇ ಬರುತ್ತಿತ್ತು,
ಬೆಳಿಗ್ಗೆ ಹತ್ತಕ್ಕೂ ಅದನ್ನೇ ಕೇಳಿದಳು.
ಕೆಂಗೇರಿಯ ಶೆಡ್ಡೊಂದರಲ್ಲಿ ಏಳು ತಿಂಗಳು ಒದೆ ಕಲಿತಳಂತೆ.
ಪ್ಯಾಂಟು ಮಡಿಸಿ ತೋರಿಸಿದಳು: ಮೊಣಕಾಲ ಕೆಳಗೆ
ನೇರಳೆಹಣ್ಣು ಜಜ್ಜಿದಂತೆ ಕಲೆ, ಅಂಚಿಗೆ ಹಳದಿ.
(ಪರದೆಯ ಕಾಲಿನಲ್ಲಿ ಹುಡುಕಿದೆ. ಕಂಪ್ಯೂಟರಿನಲ್ಲಿ ಒರೆಸಿದ್ದಾರೆ.)
"ದೇಖೋ ಅಕ್ಕಾ" ಎಂದವಳೇ ಚಪ್ಪಲಿ ಬಿಟ್ಟು
ಕಾರಿಡಾರಿನ ಮುರುಕು ಸೋಫಾಗೆ ಒದ್ದಳು.
ಆಗ ಅವಳೊಳಗಿಂದ ಬಂದ ಸದ್ದು
ಚಂದವಿರಲಿಲ್ಲ.
ತುಂಬಿದ ಸಿಲಿಂಡರು ಹೊತ್ತವನು
ಮೂರನೇ ಮಹಡಿಯ ಕೊನೆಯ ಮೆಟ್ಟಿಲಲ್ಲಿ ತೆಗೆಯುತ್ತಾನಲ್ಲ,
ಕೆಮ್ಮಿಗೂ ಬೈಗುಳಕ್ಕೂ ನಡುವಿನದು, ಅಂಥದ್ದು.
ಆಮೇಲೆ ಮೂಗು ಒರೆಸಿಕೊಂಡು ನಕ್ಕಳು.

ಒಂಬತ್ತನೇ ಟೇಕಿನಲ್ಲಿ ಅದನ್ನು ಕೊಟ್ಟೆ,
ಅವಳದನ್ನು ಅವಳಿಗೆ, ಹೊಟ್ಟೆಯ ತಳದಿಂದ.
ಮುಳ್ಳು ಕೆಂಪಿಗೆ ಹಾರಿತು. ನಜೀರ್ ಹೆಡ್‌ಫೋನು ಕಿತ್ತು ಹಿಡಿದ.
ಮೊಬೈಲಿನಿಂದ ತಲೆಯೆತ್ತಿದರು ನಿರ್ದೇಶಕರು:
"ಅಯ್ಯೋ, ಇದು ನಿಜವಾಗ್ಲೂ ಹೊಡೆದಂಗಿದೆ.
ಇನ್ನೊಂದು ಕೊಡಿ."

ಇನ್ನೊಂದು ಕೊಟ್ಟೆ. ಹನ್ನೊಂದು ಜನಕ್ಕೂ ಕೊಟ್ಟೆ, ಅಲೆ ಅಲೆಯಾಗಿ.
ಮನೆ ಬಾಡಿಗೆ ಹುಟ್ಟುವುದು ಇದೇ ಗಂಟಲಿನಲ್ಲಿ.
ವೋಚರಿಗೆ ಸಹಿ ಹಾಕಿ ಬಳೆ ತೊಡುವಾಗ ನಜೀರ್ ಬಂದ:
"ಆ ಒಂಬತ್ತನ್ನ ಅಳಿಸಿಲ್ಲ ಮೇಡಂ."
ಬೇಡದ್ದರ ಫೋಲ್ಡರಿನಲ್ಲಿದೆಯಂತೆ,
ಬೀದಿನಾಯಿ ಬೊಗಳಿದ್ದು, ಲಾರಿ ಹಿಂದಕ್ಕೆ ತೆಗೆದದ್ದು,
ಯಾರೋ ಸೀನಿದ್ದು, ಅವುಗಳ ಜೊತೆ.

ಭಾಷ್ಯಂ ಸರ್ಕಲಿನ ಸ್ಟಾಪಿನಲ್ಲಿ
ಶುಂಠಿ ಪೆಪ್ಪರಮೆಂಟು ಚೀಪುತ್ತ ನಿಂತೆ. ಎದುರಿನ ಗೋಡೆಗೆ
ಹಸಿಹಸಿ ಮೈದಾ ಅಂಟಿನಲ್ಲಿ ಅವಳೇ, ಕೈಯಲ್ಲಿ ಪಿಸ್ತೂಲು,
ಬೆನ್ನೂ ಎದೆಯೂ ಒಟ್ಟಿಗೇ ಕಾಣಲೆಂದು ತಿರುಚಿದ ನಡು.
ಹಾಗೆ ನಿಂತು ಗುಂಡು ಹಾರಿಸಿದರೆ
ಎದುರು ಕಟ್ಟಡದ ನೀರಿನ ಟ್ಯಾಂಕಿಗೆ ಬೀಳುತ್ತದೆ.
ಬಾಯಿ ಮಾತ್ರ ಅರೆತೆರೆದಿತ್ತು.
ಈ ಚಿತ್ರದಲ್ಲಿ ಮೊದಲ ಸಲ ಅವಳ ತುಟಿ ನನ್ನೆದುರು, ಅಲ್ಲಾಡದೆ.

ಅತ್ತಿತ್ತ ನೋಡಿ, ಹತ್ತಿರ ಹೋಗಿ,
ಆ ತುಟಿಗೆ ಸರಿಯಾಗಿ ಹೊಂದಿಸಿ, ಅವಳ ಎಳೆತದಲ್ಲೇ ಕೇಳಿದೆ:
ಊಟ ಆಯ್ತಾ?